ಆರಡಿ ದಾಟಿದವರು ಟೆಂಟ್ ಕೊಳ್ಳುವ ಮುಂಚೆ

ನನ್ನ ಎತ್ತರ 6 ಅಡಿ 4 ಇಂಚು, ಅಂದರೆ 193 ಸೆಂಟಿಮೀಟರ್. ಕಾಲೇಜಿನ ವಾಲಿಬಾಲ್ ಟೀಮಿನಲ್ಲಿ ಜೊತೆಗೆ ಆಡಿದವರೂ ಹೆಚ್ಚುಕಮ್ಮಿ ಇಷ್ಟೇ ಉದ್ದ. ವರ್ಷಕ್ಕೊಮ್ಮೆ ನಾವು ನಾಲ್ಕೈದು ಜನ ಹಿಮಾಚಲದ ಕಡೆ ಚಾರಣಕ್ಕೆ ಹೋಗುತ್ತೇವೆ. ನಮ್ಮ ಸಾಮಾನು ನಾವೇ ಹೊರುತ್ತೇವೆ. ಹೋದ ವಾರ ಟೀಮಿನ ಕಿರಿಯನೊಬ್ಬ ಫೋನ್ ಮಾಡಿ, "ಅಣ್ಣಾ, ಹಗುರವಾದ ಟೆಂಟ್ ಬೇಕು, ಕಾಲು ಚಾಚಿ ಮಲಗೋ ಹಾಗಿರ್ಬೇಕು. ಏನು ನೋಡಿ ತಗೊಳ್ಲಿ?" ಅಂದ. ಅವನಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆದಿದ್ದೇನೆ.

ಹಂಪ್ಟಾ ಪಾಸ್‌ಗೆ ಮೊದಲ ಸಲ ಹೋದಾಗ ಬಾಡಿಗೆ ಟೆಂಟ್ ಒಯ್ದಿದ್ದೆ. ಉದ್ದ 213 ಸೆಂ.ಮೀ. ಎಂದು ಬರೆದಿತ್ತು. ನನಗಿಂತ 20 ಸೆಂ.ಮೀ. ಜಾಸ್ತಿ ಇದೆಯಲ್ಲ, ಸಾಕು ಅಂದುಕೊಂಡೆ. ಪಾಸಿನ ಕೆಳಗಿನ ಬಾಲು ಕಾ ಘೇರಾ ಎಂಬ ತಂಗುದಾಣದಲ್ಲಿ ನಡುರಾತ್ರಿ ಎಚ್ಚರವಾದಾಗ ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ಪೂರ್ತಿ ಒದ್ದೆ. ಮಳೆ ಬಂದಿರಲಿಲ್ಲ. ನನ್ನ ಉಸಿರಿನ ತೇವವೇ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿತ್ತು. ನನ್ನ ಪಾದ ಆ ಬಟ್ಟೆಯನ್ನೇ ಒತ್ತಿಕೊಂಡಿತ್ತು. ಬ್ಯಾಗಿನೊಳಗಿನ ಪುಕ್ಕ ಒದ್ದೆಯಾದರೆ ಮುದ್ದೆಗಟ್ಟುತ್ತದೆ, ಆಮೇಲೆ ಬೆಚ್ಚಗಿಡುವುದಿಲ್ಲ. ಬೆಳಗಿನ ತನಕ ಮಂಡಿ ಮಡಚಿಕೊಂಡು ಕೂತಿದ್ದೆ. ಮರುದಿನ 4,270 ಮೀಟರ್ ಎತ್ತರದ ಪಾಸ್ ದಾಟಬೇಕಿತ್ತು. ಆ ರಾತ್ರಿ ಕಳೆದ ಮೇಲೆ ಟೆಂಟಿನ ಅಳತೆಯನ್ನು ನಾನು ಎಂದೂ ಹಗುರವಾಗಿ ತೆಗೆದುಕೊಂಡಿಲ್ಲ.

ಹಾಗಾದರೆ ಆ 20 ಸೆಂ.ಮೀ. ಎಲ್ಲಿ ಹೋಯಿತು? ಅದನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ನಡುಮನೆಯಲ್ಲಿ ಮ್ಯಾಟ್ ಹಾಸಿ, ಗಾಳಿ ತುಂಬಿ. ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿ, ದಿಂಬು ಇಟ್ಟುಕೊಂಡು ಅಂಗಾತ ಮಲಗಿ. ಮೈ ಬಿಗಿ ಹಿಡಿಯಬೇಡಿ, ನಿದ್ದೆಯಲ್ಲಿ ಮಲಗುವಂತೆ ಮಲಗಿ. ಮನೆಯವರ ಕೈಗೆ ಸೀಮೆಸುಣ್ಣ ಕೊಟ್ಟು ಬ್ಯಾಗಿನ ಎರಡೂ ತುದಿಗೆ ಗೆರೆ ಎಳೆಯಲು ಹೇಳಿ. ಮಲಗಿದಾಗ ಪಾದ ನೆಟ್ಟಗೆ ನಿಲ್ಲುವುದಿಲ್ಲ, ಮುಂದಕ್ಕೆ ಬಾಗುತ್ತದೆ. ಬ್ಯಾಗಿನ ದಪ್ಪ ಎರಡೂ ಕಡೆ ಸೇರಿಕೊಳ್ಳುತ್ತದೆ. ನನ್ನ ಹೆಂಡತಿ ಎಳೆದ ಗೆರೆಗಳ ನಡುವೆ ಟೇಪು ಹಿಡಿದರೆ 214 ಸೆಂ.ಮೀ. ಬಂತು. ನಿಂತ ಎತ್ತರಕ್ಕಿಂತ 21 ಜಾಸ್ತಿ.

ಇದು ಅರ್ಧ ಲೆಕ್ಕ ಅಷ್ಟೆ. ಟೆಂಟಿನ ಗೋಡೆ ಮನೆಯ ಗೋಡೆಯ ಹಾಗೆ ನೆಟ್ಟಗಿರಲ್ಲ ಅಲ್ವಾ? ನಾವು ಮಲಗುವುದು ಮ್ಯಾಟಿನ ಮೇಲೆ. ಪಾದದ ತುದಿ, ಮುಖ ಎರಡೂ ನೆಲದಿಂದ ಸುಮಾರು 30 ಸೆಂ.ಮೀ. ಮೇಲಿರುತ್ತವೆ. ಗೋಡೆ ನೆಲಕ್ಕೆ 60 ಡಿಗ್ರಿ ಓರೆಯಾಗಿದ್ದರೆ ಅಷ್ಟು ಎತ್ತರದಲ್ಲಿ ಒಂದೊಂದು ತುದಿಯಲ್ಲೂ 17 ಸೆಂ.ಮೀ. ಕಡಿಮೆಯಾಗುತ್ತದೆ. ಅಂದರೆ 213ರ ಟೆಂಟಿನಲ್ಲಿ ನನಗೆ ನಿಜವಾಗಿ ಸಿಕ್ಕಿದ್ದು 179. ತುದಿಯ ಗೋಡೆ 75 ಡಿಗ್ರಿಯಷ್ಟು ಕಡಿದಾಗಿದ್ದರೆ ಕಡಿಮೆಯಾಗುವುದು ಒಂದೊಂದು ಕಡೆ 8 ಮಾತ್ರ. ಆದ್ದರಿಂದ ನಾನು ನೆಚ್ಚಿಕೊಂಡಿರುವ ಅಂದಾಜು ಲೆಕ್ಕ ಇದು: ನಿಮ್ಮ ಎತ್ತರಕ್ಕೆ 35 ಸೆಂ.ಮೀ. ಸೇರಿಸಿ, ಟೆಂಟಿನ ನೆಲಹಾಸಿನ ಉದ್ದ ಅದಕ್ಕಿಂತ ಕಡಿಮೆ ಇದ್ದರೆ ಬಿಡಿ. ನನಗೆ ಬೇಕಾದ್ದು 228. ತುದಿಯ ಗೋಡೆ ತೀರಾ ಮಲಗಿದಂತಿದ್ದರೆ ಅದೂ ಸಾಲದು. ಹಾಗಾಗಿ ಟೆಂಟನ್ನು ಪಕ್ಕದಿಂದ ತೆಗೆದ ಚಿತ್ರ ನೋಡದೆ ದುಡ್ಡು ಕೊಡಬೇಡಿ.

ಕೂರುವ ಎತ್ತರವನ್ನೂ ಅಳೆಯಿರಿ. ಗಾಳಿ ತುಂಬಿದ ಮ್ಯಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಉಣ್ಣೆ ಟೋಪಿ ಹಾಕಿಕೊಂಡು ಗೋಡೆಗೆ ಒರಗಿ. ತಲೆಯ ಮೇಲೆ ಪೆನ್ಸಿಲ್ ಗುರುತು ಹಾಕಿ. ನನ್ನದು 110. ಎಷ್ಟೋ ಹಗುರ ಟೆಂಟುಗಳ ನೆತ್ತಿ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಿಗ್ ಆಗ್ನೆಸ್ ಕಂಪನಿಯ ಕಾಪರ್ ಸ್ಪರ್ ಎರಡು ಜನರ ಟೆಂಟು ತುಂಬಾ ಜನಪ್ರಿಯ. ಅದರ ಉದ್ದ ಸುಮಾರು 224 ಇದೆ, ನೆತ್ತಿ ಮಾತ್ರ ಸುಮಾರು 102. ಒಂದು ಗಂಟೆ ಮಳೆ ಹಿಡಿದರೆ ಕತ್ತು ಬಗ್ಗಿಸಿಕೊಂಡೇ ಕೂರಬೇಕು. ಆ ನೆತ್ತಿಯೂ ಒಂದೇ ಬಿಂದುವಿನಲ್ಲಿರುತ್ತದೆ. ನೀವು ಕೂರುವ ಜಾಗದ ಮೇಲೆ ಅದು ಬರುತ್ತದೋ ಇಲ್ಲವೋ ನೋಡಿ.

ಎತ್ತರದವರಿಗೆ ನನ್ನ ಮೊದಲ ಸಲಹೆ ಟ್ರೆಕ್ಕಿಂಗ್ ಪೋಲ್ ಊರಿ ನಿಲ್ಲಿಸುವ ಟೆಂಟು. ಹೇಗೂ ನಡೆಯಲು ಕೋಲು ಒಯ್ಯುತ್ತೀರಿ, ಟೆಂಟಿಗೆ ಬೇರೆ ಕಂಬಿಯ ಭಾರ ಬೇಡ. ಕೋಲು 120-125 ಸೆಂ.ಮೀ. ಇರುವುದರಿಂದ ತಲೆಗೂ ಜಾಗ ಸಿಗುತ್ತದೆ. ಜೀಪ್ಯಾಕ್ಸ್ ಡುಪ್ಲೆಕ್ಸ್ ಉದ್ದ 229, ನೆತ್ತಿ 122. ಸಿಕ್ಸ್ ಮೂನ್ ಡಿಸೈನ್ಸ್‌ನ ಲೂನಾರ್ ಸೋಲೋ ಒಬ್ಬರು ಮಲಗುವ ಟೆಂಟು. ಅದೂ 229 ಉದ್ದ, ತೂಕ ಮುಕ್ಕಾಲು ಕಿಲೋ ಹತ್ತಿರ. ಡರ್ಸ್ಟನ್ ಎಕ್ಸ್-ಮಿಡ್‌ನಲ್ಲಿ ಆಯತಾಕಾರದ ಹೊದಿಕೆಯ ಕೆಳಗೆ ಮಲಗುವ ಜಾಗ ಓರೆಯಾಗಿ ಬರುತ್ತದೆ. ಜಾಣ ವಿನ್ಯಾಸ. ಇವೆಲ್ಲ ಹೊರದೇಶದಿಂದ ತರಿಸಬೇಕಾದವು, ಕಸ್ಟಮ್ಸ್ ಸುಂಕ ಬೇರೆ ಬೀಳುತ್ತದೆ. ವಾಪಸ್ ಕಳಿಸುವುದೂ ಕಷ್ಟ. ಅದಕ್ಕೇ ಮನೆಯ ಅಳತೆ ಮೊದಲು.

ಅಷ್ಟು ದುಡ್ಡು ಇಲ್ಲವೇ? ಇಲ್ಲೇ ಸಿಗುವ ಎರಡು ಜನರ ಟೆಂಟನ್ನು ಒಬ್ಬರೇ ಬಳಸಿ. 215 ಉದ್ದ, 130 ಅಗಲ ಇದ್ದರೆ ಮೂಲೆಯಿಂದ ಮೂಲೆಗೆ 251 ಬರುತ್ತದೆ. ಓರೆಯಾಗಿ ಮಲಗಿದರೆ ತಲೆ, ಪಾದ ಎರಡೂ ಗೋಡೆ ಬಿಟ್ಟು ನಿಲ್ಲುತ್ತವೆ. ತೂಕ ಅರ್ಧ ಕಿಲೋ ಜಾಸ್ತಿಯಾದರೂ ನಿದ್ದೆ ಬರುತ್ತದೆ. ಇಬ್ಬರು ಉದ್ದದವರು ಹೋಗುವುದಾದರೆ ಕಾಲಿನ ಕಡೆ ಕಿರಿದಾಗುವ ಟೆಂಟು ಬೇಡವೇ ಬೇಡ. ದೊಡ್ಡ ಮ್ಯಾಟು 64 ಸೆಂ.ಮೀ. ಅಗಲ. ಎರಡು ಹಾಸಿದರೆ 128, ಅದು ತುದಿಯ ತನಕ ಸಿಗಬೇಕು.

ತೂಕ ನೋಡುವಾಗ ಕಂಪನಿಗಳು ಎರಡು ಲೆಕ್ಕ ಕೊಡುತ್ತವೆ ಅನ್ನುವುದು ಗೊತ್ತಿರಲಿ. ಕಡಿಮೆಯದರಲ್ಲಿ ಗೂಟ, ಹಗ್ಗ, ಚೀಲ ಸೇರಿರುವುದಿಲ್ಲ. ಹತ್ತು ಗೂಟ ಅಂದರೇ 150 ಗ್ರಾಂ ಹತ್ತಿರ. ಎಲ್ಲ ಚೀಲಕ್ಕೆ ಹಾಕಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಬ್ಬರಿಗೆ ಒಂದೂಕಾಲು ಕಿಲೋ ಒಳಗಿದ್ದರೆ ನಾನು ಖುಷಿಯಿಂದ ಹೊರುತ್ತೇನೆ.

ಬಟ್ಟೆಯ ವಿಷಯದಲ್ಲಿ ನನ್ನ ಒಲವು ಸಿಲಿಕೋನ್ ಬಳಿದ ಪಾಲಿಯೆಸ್ಟರ್ ಕಡೆ. ನೈಲಾನ್ ನೀರು ಹೀರಿ ಜಗ್ಗುತ್ತದೆ. ಜಗ್ಗಿದ ಗೋಡೆ ಬಂದು ಕೂರುವುದು ನಮ್ಮ ಪಾದದ ಮೇಲೇ. ಡೈನೀಮಾ ಎನ್ನುವ ಗಟ್ಟಿ ನಾರಿನ ಬಟ್ಟೆ ಜಗ್ಗುವುದಿಲ್ಲ, ತುಂಬಾ ಹಗುರ, ಬೆಲೆ ಮಾತ್ರ ವಿಪರೀತ. ಒಂದು ಟಾರ್ಪಾಲು ಕಟ್ಟಿಕೊಂಡರೆ ಎಷ್ಟು ಉದ್ದ ಬೇಕಾದರೂ ಮಲಗಬಹುದು ಅನ್ನುವವರಿದ್ದಾರೆ. ಒಣ ಹವೆಯಲ್ಲಿ ಅದು ಸರಿ. ಮಲೆನಾಡಿನ ಮಳೆಗಾಲದಲ್ಲಿ ಇಂಬಳ ಹತ್ತಿಸಿಕೊಂಡವರು ತಳವಿಲ್ಲದ ಗುಡಾರದಲ್ಲಿ ಮಲಗಲು ಒಪ್ಪಲ್ಲ. ಇಲ್ಲಿನ ಕಾಡುಗಳಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿಯನ್ನೂ ಮೊದಲೇ ಕೇಳಿಕೊಳ್ಳಿ.

ಈಗಿರುವ ಟೆಂಟೇ ಸ್ವಲ್ಪ ಚಿಕ್ಕದಾಗಿದ್ದರೆ ಒಂದು ಉಪಾಯ ಇದೆ. ಕಾಲಿನ ಕಡೆ ಗೋಡೆಯ ನಡುವೆ ಒಂದು ಕುಣಿಕೆ ಇರುತ್ತದೆ, ಬಹಳ ಜನ ಅದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಅದಕ್ಕೆ ಹಗ್ಗ ಕಟ್ಟಿ, ಮೊಣಕಾಲೆತ್ತರದ ಕಡ್ಡಿಯ ಮೇಲಿಂದ ಹಾಯಿಸಿ ದೂರದಲ್ಲಿ ಗೂಟ ಹೊಡೆಯಿರಿ. ಗೋಡೆ ಹೊರಕ್ಕೆ ಉಬ್ಬಿ ಐದಾರು ಬೆರಳು ಜಾಗ ಕೊಡುತ್ತದೆ. ಬ್ಯಾಗಿನ ಕಾಲಿನ ಕಡೆಗೆ ಮಳೆ ಜಾಕೆಟ್ ಹೊದಿಸಿ. ಇಳಿಜಾರಿದ್ದರೆ ತಲೆ ಮೇಲ್ಭಾಗಕ್ಕೆ ಇಟ್ಟು, ಮ್ಯಾಟಿನ ಕೆಳತುದಿಗೆ ಬಟ್ಟೆ ಚೀಲ ಒತ್ತರಿಸಿ. ಇಲ್ಲವಾದರೆ ರಾತ್ರಿಯಿಡೀ ಮೆಲ್ಲಗೆ ಗೋಡೆ ಕಡೆ ಜಾರುತ್ತೀರಿ.

ಟೆಂಟು ಕೈಗೆ ಬಂದ ವಾರದಲ್ಲೇ ತಾರಸಿಯಲ್ಲಿ ಹಾಕಿ. ಗೂಟದ ಬದಲು ಇಟ್ಟಿಗೆಗೆ ಹಗ್ಗ ಕಟ್ಟಿ. ಸಂಜೆ ನಾಲ್ಕು ಬಕೆಟ್ ನೀರು ಸುರಿದು ಹೊಲಿಗೆಗಳನ್ನು ಒಳಗಿಂದ ಮುಟ್ಟಿ ನೋಡಿ. ಆಮೇಲೆ ಪೂರ್ತಿ ಒಂದು ರಾತ್ರಿ ಅಲ್ಲೇ ಮಲಗಿ. ಬೆಳಗ್ಗೆ ಎದ್ದ ತಕ್ಷಣ ಬ್ಯಾಗಿನ ಕಾಲಿನ ಕಡೆ ಕೈಯಾಡಿಸಿ. ಒಣಗಿದ್ದರೆ ಟೆಂಟಿನ ಬೆಲೆಚೀಟಿ ಕಿತ್ತುಹಾಕಿ. ಒದ್ದೆಯಾಗಿದ್ದರೆ ಒಣಗಿಸಿ, ಮಡಚಿ, ಅದೇ ದಿನ ಅಂಗಡಿಗೆ ಒಯ್ಯಿರಿ.