ಲಿನಕ್ಸ್ ಸರ್ವರ್‌ಗೆ ಮಲ್ಟಿಪಾತ್ ಹಾಕೋದು ಹೆಂಗ, ಕೇಬಲ್ ಕಿತ್ತು ನೋಡೋತನಕ

ಮೊದಲ ಕೇಬಲ್ ನೋಡ್ರಿ, ಕಮಾಂಡ್ ಆಮ್ಯಾಲೆ. ಹುಬ್ಬಳ್ಳಿಯಿಂದ ಧಾರವಾಡಕ್ಕ ಪಿಬಿ ರೋಡ್ ಹಿಡದೂ ಹೋಗಬಹುದು, ಬೈಪಾಸ್ ಹಿಡದೂ ಹೋಗಬಹುದು, ಒಂದ ಕಡೆ ಜಾಮ್ ಆದ್ರ ಇನ್ನೊಂದ ಐತಿ, ಮಲ್ಟಿಪಾತ್ ಅಂದ್ರೂ ಅಷ್ಟ, ಸರ್ವರಿಂದ ಸ್ಟೋರೇಜಿಗೆ ಒಂದಕ್ಕಿಂತ ಹೆಚ್ಚು ದಾರಿ. ಆದ್ರ ಎಚ್‌ಬಿಎ, ಅಂದ್ರ ಸರ್ವರಿನ್ಯಾಗ ಸ್ಟೋರೇಜ್ ಕೇಬಲ್ ಚುಚ್ಚೋ ಕಾರ್ಡ್, ಅದರ ಎರಡೂ ಪೋರ್ಟಿನ ಫೈಬರ್ ತಂದು ಒಂದ ಸ್ಯಾನ್ (ಸ್ಟೋರೇಜಿನ ನೆಟ್‌ವರ್ಕ್) ಸ್ವಿಚ್ಚಿಗೆ ಚುಚ್ಚಿದ್ರ ಆ ಸ್ವಿಚ್ ಹೋದ ದಿನ ಎರಡೂ ದಾರಿ ಬಂದ್, ಅದಕ್ಕ ಪೋರ್ಟಿಗೊಂದು ಸ್ವಿಚ್, ಪ್ರತಿ ಸ್ವಿಚ್ಚಿಂದ ಸ್ಟೋರೇಜಿನ ಎರಡೂ ಕಂಟ್ರೋಲರಿಗೆ ಜೋನಿಂಗ್, ಅಂದ್ರ ಯಾರು ಯಾರ ಜೋಡಿ ಮಾತಾಡಬೇಕಂತ ಸ್ವಿಚ್ಚಿನ್ಯಾಗ ಹೇಳೋದು. ಹಿಂಗ ಎರಡ ಪೋರ್ಟ್, ಎರಡ ಕಂಟ್ರೋಲರ್, ಒಟ್ಟು ನಾಕ ದಾರಿ.

ಲನ್ (ಸ್ಟೋರೇಜ್ ಸರ್ವರಿಗೆ ಕೊಡೋ ಡಿಸ್ಕಿನ ಪಾಲು) ಮ್ಯಾಪ್ ಮಾಡಿ, ಸರ್ವರಿನ್ಯಾಗ ರೀಸ್ಕ್ಯಾನ್ ಕೊಟ್ರ ಒಂದ 500 ಜಿಬಿ ಲನ್ನು ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ ಅಂತ ನಾಕ ಡಿಸ್ಕಾಗಿ ಕಾಣ್ತೈತಿ. ಗಾಬರಿ ಆಗಬ್ಯಾಡ್ರಿ, ಡಬ್ಲ್ಯುಡಬ್ಲ್ಯುಐಡಿ, ಅಂದ್ರ ಡಿಸ್ಕಿನ ಗುರುತಿನ ನಂಬರ್ ನೋಡ್ರಿ, ನಾಕಕ್ಕೂ ಒಂದ ಇರತೈತಿ. ದಯವಿಟ್ಟು ಇವುಗಳ ಮ್ಯಾಲೆ ನೇರ ಫಾರ್ಮ್ಯಾಟ್ ಹೊಡಿಬ್ಯಾಡ್ರಿ.

ರೆಡ್‌ಹ್ಯಾಟ್ ಕಡೆಯವ್ರು ಡಿವೈಸ್ ಮ್ಯಾಪರ್ ಮಲ್ಟಿಪಾತ್ ಪ್ಯಾಕೇಜ್ ಹಾಕಿ ಎಂಪಾತ್‌ಕಾನ್ಫ್ ಕಮಾಂಡಿನಿಂದ ಎನೇಬಲ್ ಮಾಡಿದ್ರ ಕಾನ್ಫಿಗ್ ಫೈಲ್ ತಾನ ಆಗತೈತಿ, ಉಬುಂಟುದಾಗ ಪ್ಯಾಕೇಜಿನ ಹೆಸರು ಮಲ್ಟಿಪಾತ್ ಟೂಲ್ಸ್. ಸ್ಟೋರೇಜ್ ಕಂಪನಿ ಕೊಟ್ಟ ಸೆಟ್ಟಿಂಗ್ ಇದ್ರ ಅದನ್ನ ಹಾಕ್ರಿ, ಲೋಕಲ್ ಡಿಸ್ಕನ್ನ ಬ್ಲ್ಯಾಕ್‌ಲಿಸ್ಟಿಗೆ (ಮಲ್ಟಿಪಾತ್ ಮುಟ್ಟಬಾರದ ಡಿಸ್ಕಿನ ಪಟ್ಟಿ) ಸೇರಸ್ರಿ. ಇಲ್ಲಿ ತಲಿ ಓಡಸಬೇಕಾದ್ದು ನೋ ಪಾತ್ ರಿಟ್ರೈ ಒಂದ, ಅಂದ್ರ ಎಲ್ಲಾ ದಾರಿ ಹೋದಾಗ ಎಷ್ಟ ಸಲ ಮತ್ತ ನೋಡಬೇಕು ಅನ್ನೋದು. ಕ್ಯೂ ಅಂತ ಇಟ್ರ ಎಲ್ಲಾ ದಾರಿ ಹೋದಾಗ ಐಓ (ಡಿಸ್ಕಿನ ಓದೋದು, ಬರಿಯೋದು) ಎರರ್ ಕೊಡದ ಕಾಯ್ಕೊಂತ ಕೂಡತೈತಿ, ಸರ್ವರ್ ಹ್ಯಾಂಗ್ ಆದಂಗ, ಫೇಲ್ ಅಂತ ಇಟ್ರ ತಕ್ಷಣ ಎರರ್. ನಾನು 12 ಇಡ್ತೀನಿ, ದಾರಿ ಚೆಕ್ ಮಾಡೋ ಪೋಲಿಂಗ್ ಇಂಟರ್ವಲ್ 5 ಸೆಕೆಂಡ್ ಇದ್ರ ಸುಮಾರು ಒಂದ ನಿಮಿಷ ಕಾದು ಆಮ್ಯಾಲೆ ಎರರ್ ಬರತೈತಿ. ಕ್ಲಸ್ಟರ್ (ಕೂಡಿ ಕೆಲಸ ಮಾಡೋ ಸರ್ವರ್ ಗುಂಪು) ಇದ್ರ ಮಾತ್ರ ಅದರ ಡಾಕ್ಯುಮೆಂಟ್ ಏನ್ ಹೇಳತೈತಿ ಅದನ್ನ ಕೇಳ್ರಿ.

ಎಲ್‌ವಿಎಂ (ಡಿಸ್ಕನ್ನ ಪಾಲು ಮಾಡೋ ವ್ಯವಸ್ಥೆ), ಫೈಲ್‌ಸಿಸ್ಟಮ್ ಎಲ್ಲಾ ಎಂಪಾತ್‌ಎ, ಅಂದ್ರ ನಾಕೂ ದಾರಿ ಸೇರಿಸಿ ಮಲ್ಟಿಪಾತ್ ಮಾಡಿದ ಒಂದ ಡಿಸ್ಕ್, ಅದರ ಮ್ಯಾಲೆ ಮಾಡ್ರಿ, ಎಫ್‌ಎಸ್‌ಟ್ಯಾಬಿನ್ಯಾಗೂ (ಬೂಟ್ ಆಗೋವಾಗ ಯಾವ ಡಿಸ್ಕ್ ಎಲ್ಲಿ ಹಚ್ಚಬೇಕಂತ ಹೇಳೋ ಫೈಲ್) ಎಸ್‌ಡಿಬಿ ಅಂತ ಬರೀಬ್ಯಾಡ್ರಿ, ರೀಬೂಟ್ ಆದ್ರ ಆ ಹೆಸರು ಅದಲಬದಲ ಆಗಬಹುದು. ಸ್ಯಾನಿಂದನ ಬೂಟ್ ಆಗೋದಿದ್ರ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟಿನ ಮೊದಲ ಹೆಜ್ಜೆಗೆ ಬೇಕಾದ ಫೈಲ್) ಮತ್ತ ಕಟ್ಟಬೇಕು, ರೆಡ್‌ಹ್ಯಾಟಿನ್ಯಾಗ ಕಮಾಂಡ್ ಡ್ರಾಕಟ್ ಮೈನಸ್ ಎಫ್.

ಈಗ ಭಾಳ ಮಂದಿ ಬಿಡೋ ಕೆಲಸ. ಹುಬ್ಬಳ್ಳಿ ಗೋಕುಲ ರೋಡಿನ ಒಂದ ಕಡೆ ನಾನ ಕಣ್ಣಾರೆ ನೋಡೇನಿ, ಒಂದ ಬದಿ ಫೈಬರ್ ಯಾವಾಗ ಸತ್ತಿತ್ತೋ ಯಾರಿಗೂ ಗೊತ್ತಿಲ್ಲ, ಇನ್ನೊಂದ ಬದಿ ಸ್ವಿಚ್ ರೀಬೂಟ್ ಮಾಡಿದ ಕೂಡ್ಲೆ ಡೇಟಾಬೇಸ್ ಮಕಾಡೆ ಬಿತ್ತು, ರಾತ್ರಿಯಿಡೀ ರಿಕವರಿ. ಅದಕ್ಕ ಪ್ರೊಡಕ್ಷನ್ ಡೇಟಾ ಹಾಕೋದ್ರೊಳಗ ದೊಡ್ಡ ಫೈಲ್ ಕಾಪಿ ಹಚ್ಚಿ ಒಂದ ಕೇಬಲ್ ಕಿತ್ತು ನೋಡ್ರಿ. ಕಾಪಿ ಸ್ವಲ್ಪ ನಿಂತಂಗ ಆಗಿ ಮತ್ತ ಓಡಬೇಕು, ಮಲ್ಟಿಪಾತ್ ಮೈನಸ್ ಎಲ್‌ಎಲ್ ಹೊಡದ್ರ ಎರಡ ಸಾಲು ಫೇಲ್ಡ್ ಫಾಲ್ಟಿ, ಎರಡ ಸಾಲು ಆಕ್ಟಿವ್ ರೆಡಿ ಕಾಣಬೇಕು. ಕೇಬಲ್ ವಾಪಸ್ ಹಾಕಿ ನಾಕೂ ಆಕ್ಟಿವ್ ಆಗೋತನಕ ಕಾಯ್ರಿ, ಅವಸರ ಮಾಡಬ್ಯಾಡ್ರಿ, ಆಮ್ಯಾಲೆ ಇನ್ನೊಂದ ಕೇಬಲ್. ಕಡೀಗೆ ಒಮ್ಮೆ ರೀಬೂಟ್ ಕೊಟ್ಟು ಅದ ಕಮಾಂಡ್ ಹೊಡದು ನಾಕ ಸಾಲು ಎಣಸ್ರಿ.