ಹನ್ನೆರಡು ಜೆರ್ಸಿ, ಇನ್ನೂರು ನಿಮಿಷ: ಹಾಸನದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವ ಲೆಕ್ಕ

ತಂಡದ ಪಟ್ಟಿ ಮಾಡಲು ಕೂತಾಗ ನಾನು ಮೊದಲು ಹೆಸರು ಬರೆಯುವುದಿಲ್ಲ, ನಿಮಿಷ ಬರೆಯುತ್ತೇನೆ. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದ ಪಂದ್ಯ ಎಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್, ಕೋರ್ಟಿನಲ್ಲಿ ಸದಾ ಐದು ಜನ. ಒಟ್ಟು 200 ನಿಮಿಷ. ಹನ್ನೆರಡು ಜನರಿಗೆ ಹಂಚಲು ಇರುವ ಆಸ್ತಿ ಇಷ್ಟೇ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಜನರಲ್ ಮ್ಯಾನೇಜರ್‌ಗೆ 48 ನಿಮಿಷದ ಪಂದ್ಯ, 15 ಪೂರ್ಣ ಒಪ್ಪಂದ, ಜೊತೆಗೆ ಮೂರು ಟೂ-ವೇ (ಕೆಳಗಿನ ಲೀಗಿನಲ್ಲೂ ಆಡುವವರ) ಒಪ್ಪಂದ, ಇದೆಲ್ಲದರ ಮೇಲೆ ಸಂಬಳದ ಮಿತಿ. 2024-25ರಲ್ಲಿ ಆ ಮಿತಿ 14 ಕೋಟಿ ಡಾಲರ್ ದಾಟಿತ್ತು. ಹಾಸನದ ಕ್ಲಬ್ಬಿನಲ್ಲಿ ಯಾರಿಗೂ ಸಂಬಳವಿಲ್ಲ. ಹಾಗಂತ ಮಿತಿಯೂ ಇಲ್ಲ ಅಂದುಕೊಂಡರೆ ಕೆಟ್ಟಿತು. ಅಲ್ಲಿ ಡಾಲರ್ ಮಾಡುವ ಕೆಲಸವನ್ನು ಇಲ್ಲಿ ಹಾಜರಿ ಮಾಡುತ್ತದೆ.

ನಿಮಿಷದ ಹಂಚಿಕೆ ಹೀಗೆ ಶುರುವಾಗುತ್ತದೆ. ಚೆಂಡು ಮುಂದೆ ತರುವ ಪಾಯಿಂಟ್ ಗಾರ್ಡ್‌ಗೆ 30, ಶೂಟಿಂಗ್ ಗಾರ್ಡ್‌ಗೆ 28, ಸ್ಮಾಲ್ ಫಾರ್ವರ್ಡ್‌ಗೆ 28, ಪವರ್ ಫಾರ್ವರ್ಡ್‌ಗೆ 26, ಬಾಸ್ಕೆಟ್ ಹತ್ತಿರ ಆಡುವ ಎತ್ತರದ ಸೆಂಟರ್‌ಗೆ 24. ಮೊದಲ ಐವರದ್ದು 136 ಆಯಿತು. ಉಳಿದ 64ರಲ್ಲಿ ಆರನೆಯವನಿಗೆ 20, ಏಳನೆಯವನಿಗೆ 16, ಎಂಟನೆಯವನಿಗೆ 14, ಒಂಬತ್ತನೆಯವನಿಗೆ 8, ಹತ್ತನೆಯವನಿಗೆ 6. ಹನ್ನೊಂದು, ಹನ್ನೆರಡನೆಯವರಿಗೆ ಲೆಕ್ಕದಲ್ಲಿ ಸೊನ್ನೆ. ಕಾಗದದ ಮೇಲೆ ಇದು ಕಟುಕತನ ಅನ್ನಿಸುತ್ತದೆ. ಆದರೆ ಸೊನ್ನೆ ಅಂತ ಮೊದಲೇ ಗೊತ್ತಿದ್ದ ಹುಡುಗ ಬೆಂಚಿನಲ್ಲಿ ನೆಮ್ಮದಿಯಿಂದ ಕೂರುತ್ತಾನೆ. ಹತ್ತು ನಿಮಿಷ ಸಿಗಬಹುದು ಅಂತ ಕಾದವನು ಮೂರನೇ ಕ್ವಾರ್ಟರ್ ಹೊತ್ತಿಗೆ ಮುಖ ಊದಿಸಿಕೊಂಡು, ನಾಳೆಯಿಂದ ಪ್ರಾಕ್ಟೀಸಿಗೂ ಬರುವುದಿಲ್ಲ. ಈ ಹಾಳೆಯನ್ನು ನಾನು ಬಚ್ಚಿಡುವುದಿಲ್ಲ, ಹುಡುಗರಿಗೆ ತೋರಿಸುತ್ತೇನೆ. "ಸರ್, ನಮ್ ಹುಡುಗನ್ನ ಒಂದೈದ್ ನಿಮಿಷನಾದ್ರೂ ಇಳ್ಸಿ" ಅಂತ ಬರುವ ಅಪ್ಪಂದಿರಿಗೂ ಅದೇ ಹಾಳೆ. ಯಾರ ಹತ್ತಿರದಿಂದ ಆ ಐದು ನಿಮಿಷ ಕೀಳಬೇಕು ಅಂತ ನೀವೇ ಹೇಳಿ ಅಂದರೆ ಮಾತು ಬೇಗ ಮುಗಿಯುತ್ತದೆ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂತ ಕೂತರೆ 200 ನಿಮಿಷ 260 ಆಗುವುದಿಲ್ಲ.

ಸೆಂಟರ್‌ಗೆ ಯಾಕೆ 24 ಮಾತ್ರ? ಫೌಲ್. ಐದು ಫೌಲ್ ಆದರೆ ಆಟಗಾರ ಹೊರಗೆ, ಮತ್ತೆ ಬರುವಂತಿಲ್ಲ. ಹಿಂದಿನ ಪಂದ್ಯಗಳ ಶೀಟ್ ತೆಗೆದು ಅವನ ಫೌಲ್ ಕೂಡಿಸುತ್ತೇನೆ. 100 ನಿಮಿಷ ಆಡಿ 16 ಫೌಲ್ ಮಾಡಿದ್ದರೆ ಸರಾಸರಿ ಆರೂಕಾಲು ನಿಮಿಷಕ್ಕೆ ಒಂದು. ಅಂದರೆ ಐದನೆಯದು 31ನೇ ನಿಮಿಷದ ಆಸುಪಾಸು. ಆದರೆ ಇದು ಸರಾಸರಿ. ಎಷ್ಟೋ ಪಂದ್ಯಗಳಲ್ಲಿ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ಹಾಗಾಗಿ ಅವನನ್ನು 30 ನಿಮಿಷ ನಂಬುವುದು ದಡ್ಡತನ. ಮೊದಲ ಕ್ವಾರ್ಟರಿನಲ್ಲೇ ಎರಡು ಫೌಲ್ ಬಿದ್ದರೆ ಕೂರಿಸಬೇಕು, ಮಧ್ಯಂತರದೊಳಗೆ ಮೂರು ಬಿದ್ದರೂ ಕೂರಿಸಬೇಕು. ಈ ಕಾರಣಕ್ಕೇ ಪವರ್ ಫಾರ್ವರ್ಡ್, ಸೆಂಟರ್ ಜೊತೆಗೆ ಮೂರನೇ ದೊಡ್ಡ ಆಳು ಪಟ್ಟಿಯಲ್ಲಿ ಇರಲೇಬೇಕು, ಅವನಿಗೆ ಬಾಸ್ಕೆಟ್ ಹಾಕಲು ಬರದಿದ್ದರೂ ಸರಿ. ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಂತು, ಐದು ಫೌಲ್ ಖರ್ಚು ಮಾಡಲು ಬಂದರೆ ಸಾಕು.

ಸ್ಕೋರ್‌ಶೀಟ್ ಓದಲು ಕಲಿಯುವುದು ಈ ಕೆಲಸದ ಅರ್ಧ ವಿದ್ಯೆ. ಸ್ಕೋರರ್ ಒಂದು ಮತ್ತು ಮೂರನೇ ಕ್ವಾರ್ಟರನ್ನು ಕೆಂಪು ಪೆನ್ನಿನಲ್ಲಿ, ಎರಡು ಮತ್ತು ನಾಲ್ಕನ್ನು ನೀಲಿ ಅಥವಾ ಕಪ್ಪಿನಲ್ಲಿ ಬರೆಯುತ್ತಾನೆ. ಮೊದಲ ಐವರ ಹೆಸರಿನ ಮುಂದಿನ ಗುಣಾಕಾರ ಚಿಹ್ನೆಗೆ ಸುತ್ತ ವೃತ್ತ ಇರುತ್ತದೆ. ಆಮೇಲೆ ಇಳಿದವರಿಗೆ ಬರೀ ಚಿಹ್ನೆ, ಇಳಿಯದವರಿಗೆ ಏನೂ ಇಲ್ಲ. ಫೌಲ್ 'ಪಿ' ಅಂತ ಬಿದ್ದು, ಅದರ ಪಕ್ಕ 2 ಅಂತಿದ್ದರೆ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಹಾಕುವ ಶಾಟ್) ಹೋಗಿದೆ. ಒಬ್ಬನ ಸಾಲಿನಲ್ಲಿ ಕೆಂಪು ಪಿ ಎರಡು, ಮೂರು ಸಾಲಾಗಿ ಕಂಡರೆ ಅವನು ಮೈ ಬಿಸಿಯಾಗುವ ಮೊದಲೇ ಕೈ ಹಾಕುವವನೋ ಅಂತ ಅನುಮಾನಿಸುತ್ತೇನೆ. ಪಕ್ಕದ ರನ್ನಿಂಗ್ ಸ್ಕೋರಿನಲ್ಲಿ ಆಟಗಾರನ ನಂಬರಿಗೆ ವೃತ್ತ ಸುತ್ತಿದ್ದರೆ ಅದು ಮೂರು ಅಂಕ. ಯಾವ ಅಂಕದ ಹೊತ್ತಿಗೆ ಯಾರು ಹಾಕಿದರು ಅನ್ನುವುದೂ ಅಲ್ಲೇ ಸಿಗುತ್ತದೆ: 20 ಅಂಕ ಹಿಂದಿದ್ದಾಗ ಹಾಕಿದ ನಾಲ್ಕು ಬಾಸ್ಕೆಟ್‌ಗೂ, ಎರಡೇ ಅಂಕದ ಅಂತರ ಇದ್ದಾಗ ಹಾಕಿದ ಒಂದಕ್ಕೂ ಬೆಲೆ ಬೇರೆ. ಶೀಟಿನಲ್ಲಿ ಸಿಗದೇ ಇರುವುದು ನಿಮಿಷ ಮತ್ತು ಟರ್ನೋವರ್. ಅದಕ್ಕೆ ಬೆಂಚಿನಲ್ಲಿ ಒಬ್ಬನಿಗೆ ಮೊಬೈಲ್ ಕೊಟ್ಟು ಯಾರು ಒಳಗೆ, ಯಾರು ಹೊರಗೆ, ಯಾರು ಚೆಂಡು ಕಳೆದ ಅಂತ ಬರೆಸಬೇಕು. ಹನ್ನೊಂದನೆಯವನಿಗೆ ಈ ಕೆಲಸ ಕೊಟ್ಟರೆ ಅವನ ಆಟದ ತಿಳಿವಳಿಕೆಯೂ ಬೆಳೆಯುತ್ತದೆ.

ಇನ್ನು ಹೆಸರುಗಳು. "ನಿನ್ನ ಪೊಸಿಷನ್ ಯಾವುದು?" ಅಂತ ಕೇಳಿದರೆ ಎಲ್ಲರೂ ಶೂಟಿಂಗ್ ಗಾರ್ಡೇ. ನಾನು ಕೆಲಸ ಕೇಳುತ್ತೇನೆ. ಹಾಳೆಯಲ್ಲಿ ಅಡ್ಡಕ್ಕೆ ಐದು ಕಾಲಂ: ಪ್ರೆಸ್ ಬಂದಾಗ, ಅಂದರೆ ಎದುರಾಳಿ ನಮ್ಮ ಅರ್ಧದಲ್ಲೇ ಮೇಲೆ ಬಿದ್ದು ಕಾಯುವಾಗ, ಎಂಟು ಸೆಕೆಂಡಿನೊಳಗೆ ಚೆಂಡನ್ನು ಅರ್ಧ ಕೋರ್ಟ್ ದಾಟಿಸುವುದು, 6.75 ಮೀಟರ್‌ನ ಮೂರಂಕದ ಗೆರೆಯ ಆಚೆಯಿಂದ ಶೂಟ್ ಮಾಡುವುದು, ಬಾಕ್ಸ್ ಔಟ್ ಮಾಡಿ (ಎದುರಾಳಿಯನ್ನು ಮೈಯಿಂದ ತಡೆದು) ರೀಬೌಂಡ್, ಅಂದರೆ ಗುರಿ ತಪ್ಪಿ ಚಿಮ್ಮಿದ ಚೆಂಡು, ಹಿಡಿಯುವುದು, ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು ಕಾಯುವುದು, ಒಳಗೆ ದೊಡ್ಡವರನ್ನು ಕಾಯುವುದು. ಪ್ರತಿ ಹೆಸರಿನ ಮುಂದೆ ಬರುವ ಕೆಲಸಕ್ಕೆ ಗುರುತು. ನಿಯಮ ಒಂದೇ: ಪಂದ್ಯದ ಯಾವ ನಿಮಿಷದಲ್ಲೂ ಕೋರ್ಟಿನ ಐವರಲ್ಲಿ ಚೆಂಡು ದಾಟಿಸುವವರು ಇಬ್ಬರು, ಹೊರಗಿಂದ ಹಾಕುವವರು ಇಬ್ಬರು, ಬಾಕ್ಸ್ ಔಟ್ ಮಾಡುವವರು ಇಬ್ಬರು ಇರಲೇಬೇಕು. ಒಬ್ಬನಿಗೇ ಎರಡು ಕೆಲಸ ಬಂದರೆ ಲಾಭ. ಎರಡು ಕೆಲಸ ಸಾಧಾರಣವಾಗಿ ಮಾಡುವವನನ್ನು, ಒಂದೇ ಕೆಲಸ ಅದ್ಭುತವಾಗಿ ಮಾಡುವವನಿಗಿಂತ ಮೇಲೆ ಇಡುತ್ತೇನೆ. ಆ ಒಂದು ಕೆಲಸ ಶೂಟಿಂಗ್ ಆಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಯಾಕೆಂದರೆ ಗಣಿತ ಸರಳ. ಮೂರಂಕದ ಶಾಟ್ ಮೂರರಲ್ಲಿ ಒಂದು ಬಿದ್ದರೆ ಸಾಕು, ಎರಡಂಕದ ಶಾಟ್ ಎರಡರಲ್ಲಿ ಒಂದು ಬಿದ್ದಷ್ಟೇ ಫಲ: ಶಾಟ್‌ಗೆ ಒಂದು ಅಂಕ. ಹಾಗಾಗಿ ಹೊರಗೆ 33 ಪರ್ಸೆಂಟ್ ಹಾಕುವವನ ಹತ್ತಿರ ಎದುರಾಳಿ ನಿಲ್ಲಲೇಬೇಕು, ಒಳಗೆ ನಮ್ಮ ಸೆಂಟರ್‌ಗೆ ಜಾಗ ಆಗುತ್ತದೆ. ಪರೀಕ್ಷೆಗೆ ಐದು ಜಾಗದಿಂದ ಹತ್ತತ್ತು, ಒಟ್ಟು 50 ಚೆಂಡು, ಓಡಿ ಬಂದು, ಮುಂದೆ ಒಬ್ಬ ಕೈ ಎತ್ತಿ ನಿಂತಿರುವಾಗ. ಒಂದೇ ದಿನದ ಲೆಕ್ಕ ನಂಬಬಾರದು. ನಿಜವಾಗಿ 35 ಪರ್ಸೆಂಟ್ ಶೂಟರ್ ಆದವನು ಒಂದು ದಿನ 14, ಇನ್ನೊಂದು ದಿನ 21 ಹಾಕುವುದು ಬರೀ ಏರಿಳಿತ. ಆಯ್ಕೆಯ ದಿನ 21 ಹಾಕಿದ ಅಂತ ತಂಡಕ್ಕೆ ಹಾಕಿಕೊಂಡು, ಟೂರ್ನಮೆಂಟಿನಲ್ಲಿ 'ಕೈ ಕೊಟ್ಟ' ಅಂತ ಬೈದರೆ, ಅದು ಆ ಹುಡುಗನ ತಪ್ಪಲ್ಲ. ಐದಾರು ದಿನ ಕೂಡಿಸಿ 250-300 ಚೆಂಡು ಆಗಲಿ, ಜೊತೆಗೆ ಫ್ರೀ ಥ್ರೋ ನೋಡಿ. ಫ್ರೀ ಥ್ರೋ 70ರ ಮೇಲಿದ್ದರೆ ಅವನ ಕೈ ಸರಿ ಇದೆ. ದೂರದ ಶಾಟ್ ಕಲಿಸಬಹುದು. 45ರಲ್ಲಿ ನಿಂತವನಿಗೆ ದೂರದ ಶಾಟ್ ಕಲಿಸುವ ಮೊದಲು ಮೊಣಕೈ ಸರಿ ಮಾಡಬೇಕು.

ಒಳ್ಳೆಯ ಆಟಗಾರರನ್ನೆಲ್ಲ ಒಟ್ಟಿಗೆ ಹಾಕಿದರೆ ಒಳ್ಳೆಯ ತಂಡ ಆಗುತ್ತದೆ ಅನ್ನುವವರಿಗೆ 2021-22ರ ಲಾಸ್ ಏಂಜಲೀಸ್ ಲೇಕರ್ಸ್ ನೋಡಿ ಅನ್ನುತ್ತೇನೆ. ಲೆಬ್ರಾನ್ ಜೇಮ್ಸ್, ಆಂಥನಿ ಡೇವಿಸ್ ಇದ್ದ ತಂಡಕ್ಕೆ ರಸೆಲ್ ವೆಸ್ಟ್‌ಬ್ರೂಕ್‌ನನ್ನು ತಂದರು. ಅವನಿಗೂ ಚೆಂಡು ಕೈಯಲ್ಲೇ ಬೇಕು, ಹೊರಗಿನ ಶಾಟ್ ಇಲ್ಲ. ಅವನಿಗಾಗಿ ಕೊಟ್ಟವರಲ್ಲಿ ಹೊರಗಿಂದ ಹಾಕುತ್ತಾ, ಡಿಫೆನ್ಸ್ ಮಾಡುತ್ತಿದ್ದ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ ಇದ್ದ. 33 ಗೆಲುವು, 49 ಸೋಲು, ಪ್ಲೇಆಫ್ ಇಲ್ಲ. ಡೇವಿಸ್, ಜೇಮ್ಸ್ ಗಾಯಗೊಂಡು ಹೊರಗಿದ್ದುದೂ ಕಾರಣವೇ. ಆದರೂ ಹಾಳೆಯಲ್ಲಿ ನೋಡಿದರೆ 'ದಾಟಿಸುವ' ಕಾಲಂ ತುಂಬಿ ತುಳುಕಿ, 'ಹೊರಗಿನ ಶಾಟ್' ಕಾಲಂ ಬರಿದಾಗಿತ್ತು.

ಇದಕ್ಕೆ ಉಲ್ಟಾ ಉದಾಹರಣೆ 2015ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ. ಫೈನಲ್ ಸರಣಿಯ ನಾಲ್ಕನೇ ಪಂದ್ಯದಿಂದ ಸೆಂಟರ್‌ನನ್ನು ಕೂರಿಸಿ ಆಂಡ್ರೆ ಇಗ್ವೋಡಾಲನನ್ನು ಇಳಿಸಿದರು, ಆರಡಿ ಆರಿಂಚಿನ ಡ್ರೇಮಂಡ್ ಗ್ರೀನ್ ಸೆಂಟರ್ ಜಾಗ ನೋಡಿಕೊಂಡ, ಗೆದ್ದರು. ಎತ್ತರದವರು ಸಿಗದ ನಮ್ಮಂಥ ಜಿಲ್ಲೆಯವರಿಗೆ ಇದು ಬಹಳ ಇಷ್ಟವಾಗುವ ಕತೆ. 'ಸ್ಮಾಲ್ ಬಾಲ್ ಆಡಣ ಸರ್' ಅಂತ ಹುಡುಗರು ಶುರು ಮಾಡುತ್ತಾರೆ. ಗ್ರೀನ್ ಪಾಸ್ ಕೊಡುತ್ತಿದ್ದ, ಐದೂ ಪೊಸಿಷನ್ ಕಾಯುತ್ತಿದ್ದ, ಉಳಿದವರೆಲ್ಲ ರೀಬೌಂಡಿಗೆ ಒಳಗೆ ಬರುತ್ತಿದ್ದರು. ಅದು ಯಾರಿಗೂ ನೆನಪಿರುವುದಿಲ್ಲ. ಗಿಡ್ಡ ತಂಡ ಇಳಿಸಿದರೆ ಐವರೂ ಬಾಕ್ಸ್ ಔಟ್ ಮಾಡಬೇಕು, ಇಬ್ಬರಲ್ಲ.

ಎತ್ತರ ಎಲ್ಲಿ ಹುಡುಕುವುದು? ಇಲ್ಲಿ ಆರಡಿ ದಾಟಿದ ಹುಡುಗರು ವಾಲಿಬಾಲಿಗೆ, ಗಟ್ಟಿ ಮೈಯವರು ಕಬಡ್ಡಿಗೆ ಹೋಗಿರುತ್ತಾರೆ. ವಾಲಿಬಾಲ್‌ನವನಿಗೆ ನೆಗೆತದ ಸಮಯ ಚೆನ್ನಾಗಿ ಗೊತ್ತು, ಆದರೆ ಚೆಂಡನ್ನು ಹಿಡಿಯದೆ ಬೆರಳಿನಿಂದ ತಟ್ಟುತ್ತಾನೆ, ನೆಗೆಯುವ ಮೊದಲು ಎದುರಾಳಿಯನ್ನು ಮೈಯಿಂದ ತಡೆಯುವ ಅಭ್ಯಾಸ ಇರುವುದಿಲ್ಲ. ಅಲ್ಲಿ ನಡುವೆ ನೆಟ್ ಇತ್ತಲ್ಲ. ಎರಡೂ ಕೈಯಲ್ಲಿ ಹಿಡಿದು ಗಲ್ಲದ ಕೆಳಗೆ ಎಳೆದುಕೊಳ್ಳುವುದನ್ನೇ ತಿಂಗಳುಗಟ್ಟಲೆ ಮಾಡಿಸಬೇಕು. ಕಬಡ್ಡಿಯವನಿಗೆ ಕಾಲು ಊರಿ ನಿಲ್ಲುವುದು, ಮೈ ತಾಗಿಸುವುದು ರಕ್ತಗತ. ಅವನ ರೋಗ ಕೈ: ಹಿಡಿದುಬಿಡುತ್ತಾನೆ. ಪ್ರಾಕ್ಟೀಸಿನಲ್ಲಿ ಎರಡು ಕೈಗೂ ಒಂದೊಂದು ಟೆನಿಸ್ ಚೆಂಡು ಕೊಟ್ಟು ಡಿಫೆನ್ಸ್ ಮಾಡಿಸಿದರೆ ಹಿಡಿಯುವುದು ತಪ್ಪುತ್ತದೆ. ಮೂರನೇ ದೊಡ್ಡ ಆಳಿನ ಜಾಗಕ್ಕೆ ನನ್ನ ಆಯ್ಕೆ ಕಬಡ್ಡಿಯವನೇ.

ಈಗ ಹಾಜರಿಯ ವಿಷಯ. ಹೆಸರಿನ ಮುಂದೆ ಟೂರ್ನಮೆಂಟಿನ ತಾರೀಖಿಗೆ ಬರುವುದು ಖಚಿತವಾದರೆ 1, ಅನುಮಾನವಾದರೆ ಅರ್ಧ, ಆಗದಿದ್ದರೆ 0. ದೊಡ್ಡವರ ಮೊತ್ತ ಎರಡೂವರೆಗಿಂತ, ಚೆಂಡು ದಾಟಿಸುವವರ ಮೊತ್ತ ಮೂರಕ್ಕಿಂತ ಕೆಳಗಿಳಿದರೆ ಆ ಟೂರ್ನಮೆಂಟಿಗೆ ಎಂಟ್ರಿ ಕೊಡುವ ಮೊದಲು ಯೋಚಿಸುತ್ತೇನೆ. ಸಕಲೇಶಪುರ, ಆಲೂರು ಕಡೆಯ ತೋಟದ ಮನೆ ಹುಡುಗರು ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದಾಗಿನಿಂದ ರೊಬಸ್ಟಾ ಮುಗಿಯುವವರೆಗೆ ಅರ್ಧ ಲೆಕ್ಕ. ಪಿಯು ಹುಡುಗರು ಪರೀಕ್ಷೆ ಮುಗಿಯುವವರೆಗೆ ಸೊನ್ನೆ, ವಾದವಿಲ್ಲ. ಇಂಜಿನಿಯರಿಂಗಿನವರ ಸೆಮಿಸ್ಟರ್ ವೇಳಾಪಟ್ಟಿ ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ, ಆದ್ದರಿಂದ ಅವರದ್ದು ಸದಾ ಅರ್ಧ. ಪೊಲೀಸ್ ಕೆಲಸದಲ್ಲಿರುವವರು ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದ ದಿನಗಳಲ್ಲಿ ಬಂದೋಬಸ್ತಿಗೆ ಹೋಗುತ್ತಾರೆ. ಆಗ ಊರಿನೊಳಗೆ ಬಸ್ಸು ದಾಟುವುದೂ ಕಷ್ಟ, ಆ ವಾರ ನಾನು ಫ್ರೆಂಡ್ಲಿ ಪಂದ್ಯ ಕೂಡ ಇಡುವುದಿಲ್ಲ. ಮಳೆಗಾಲದಲ್ಲಿ ಬಯಲಿನ ಸಿಮೆಂಟ್ ಕೋರ್ಟು ಪಾಚಿ ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜದೆ ಆಡಿಸಿದರೆ ಮೊಣಕಾಲು, ಪಾದದ ಕೀಲು ಹೋಗುತ್ತದೆ, ಮೂರು ತಿಂಗಳು ಪಟ್ಟಿಯಲ್ಲಿ ಒಂದು ತೂತು.

ಬಸ್ ತಡವಾಗುವ ಲೆಕ್ಕವೂ ಇರಲಿ. ಪಂದ್ಯದ 40 ನಿಮಿಷ ಮೊದಲು ಸ್ಕೋರರ್‌ಗೆ ಹೆಸರು, ನಂಬರು ಕೊಡಬೇಕು. 10 ನಿಮಿಷ ಮೊದಲು ಕೋಚ್ ಮೊದಲ ಐವರನ್ನು ಖಚಿತಪಡಿಸಿ ಸಹಿ ಹಾಕಬೇಕು. ನಿಗದಿತ ಸಮಯ ದಾಟಿ 15 ನಿಮಿಷವಾದರೂ ಐದು ಜನ ಇಳಿಯದಿದ್ದರೆ 20-0 ಸೋಲು. ಬೇರೆ ಬೇರೆ ತಾಲ್ಲೂಕಿನಿಂದ ಬರುವವರಲ್ಲಿ ಕನಿಷ್ಠ ಐವರು ಹಾಸನದವರೇ ಆಗಿರಲಿ ಅನ್ನುವುದು ಇದಕ್ಕೇ. ಹೊರಗಿನ ಊರಿಗಾದರೆ ಹನ್ನೆರಡು ಹುಡುಗರು, ಕೋಚ್, ಮ್ಯಾನೇಜರ್ ಸೇರಿ ಒಂದೇ ಟಿಟಿ.

ಬದಲಾವಣೆಯಲ್ಲಿ ಬಹಳ ಕಡೆ ಎಡವುವುದು ಒಂದೇ ಜಾಗದಲ್ಲಿ: ಚೆಂಡು ದಾಟಿಸುವ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು. ಆಗಲೇ ಎದುರಾಳಿ ಫುಲ್ ಕೋರ್ಟ್ ಪ್ರೆಸ್ ಹಾಕುತ್ತಾನೆ, ಎರಡು ನಿಮಿಷದಲ್ಲಿ ಎಂಟು ಅಂಕ ಹೋಗುತ್ತದೆ. ಪಾಯಿಂಟ್ ಗಾರ್ಡ್ ಮೊದಲ ಕ್ವಾರ್ಟರಿನ ಕೊನೆಯ ಎರಡು ನಿಮಿಷ ಕೂತರೆ, ಎರಡನೇ ಗಾರ್ಡ್ ಎರಡನೇ ಕ್ವಾರ್ಟರಿನ ಮೊದಲ ಮೂರು ನಿಮಿಷ ಕೂರಲಿ. ಕ್ವಾರ್ಟರ್ ನಡುವಿನ ವಿರಾಮವೂ ಸೇರಿ ಇಬ್ಬರಿಗೂ ಉಸಿರು ಸಿಗುತ್ತದೆ.

ಪಟ್ಟಿಯಿಂದ ಜನ ಹೋಗುತ್ತಲೇ ಇರುತ್ತಾರೆ. ಸ್ವಲ್ಪ ಹೆಸರು ಮಾಡಿದವನನ್ನು ಬೆಂಗಳೂರಿನ ಕಾಲೇಜು ಕರೆಯುತ್ತದೆ, ಆಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಯೋ ಬ್ಯಾಂಕೋ. ತಡೆಯಬಾರದು, ಅದಕ್ಕೇ ಅವನು ಆಡಿದ್ದು. ಹೋದವನಂಥವನನ್ನೇ ಹುಡುಕದೆ, ಹಾಳೆಯಲ್ಲಿ ಯಾವ ಕಾಲಂ ಖಾಲಿಯಾಯಿತು ಅಂತ ನೋಡಬೇಕು. ಎಷ್ಟೋ ಸಲ ಅದನ್ನು ಇರುವ ಇಬ್ಬರು ಹಂಚಿಕೊಂಡು ತುಂಬುತ್ತಾರೆ.

ಈ ಹೊತ್ತಿನಲ್ಲೇ ಯಾರೋ ಒಬ್ಬರು ಮೈಸೂರಿಂದ ನಾಲ್ಕು ಗೆಸ್ಟ್ ಪ್ಲೇಯರ್ ಕರೆಸೋಣ ಅನ್ನುತ್ತಾರೆ, ಕಪ್ ಗೆಲ್ಲಬೇಕಲ್ಲ. ಬ್ರೂಕ್ಲಿನ್ ನೆಟ್ಸ್ 2013ರಲ್ಲಿ ಇದನ್ನೇ ದೊಡ್ಡದಾಗಿ ಮಾಡಿತು. ವಯಸ್ಸಾದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಬರಲಿ ಅಂತ 2014, 2016, 2018ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ) ಬಾಸ್ಟನ್‌ಗೆ ಬರೆದುಕೊಟ್ಟು, 2017ರದ್ದನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿತು. 2016-17ರಲ್ಲಿ ಬ್ರೂಕ್ಲಿನ್ ಗೆದ್ದದ್ದು 20 ಪಂದ್ಯ. ಆ ಹಕ್ಕುಗಳ ದಾರಿಯಲ್ಲಿ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಾಸ್ಟನ್‌ಗೆ ಬಂದು, 2024ರಲ್ಲಿ ಪ್ರಶಸ್ತಿ ಗೆದ್ದರು. ನಾಲ್ಕು ಗೆಸ್ಟ್‌ಗಳು ತಲಾ 30 ನಿಮಿಷ ಆಡಿದರೆ 200ರಲ್ಲಿ 120 ಹೋಯಿತು. ಏಳನೆಯವನಿಂದ ಹತ್ತನೆಯವನವರೆಗೆ ಒಂದು ಸೀಸನ್ ಪೂರ್ತಿ ಆಡಿ ಕಲಿಯಬೇಕಾದ ನಿಮಿಷಗಳು ಅವು. ಕರೆಸಲೇಬೇಕಾದರೆ ಒಬ್ಬನನ್ನು, ಅದೂ ದೊಡ್ಡ ಆಳನ್ನು, 20 ನಿಮಿಷದ ಲೆಕ್ಕಕ್ಕೆ ಕರೆಸುತ್ತೇನೆ, ಮತ್ತು ಟೂರ್ನಮೆಂಟಿನ ನಿಯಮದಲ್ಲಿ ಹೊರಗಿನವರಿಗೆ ಅವಕಾಶ ಇದೆಯೇ ಅಂತ ಎಂಟ್ರಿ ಫಾರಂ ಓದಿದ ಮೇಲೆ.