ಕಾಯಿಲೆ ಬಂದು ಹೋದ ಮರಿ: ತರಬೇಕೋ, ಬಿಡಬೇಕೋ

ಹೋದ ವರ್ಷ ಮೇ ತಿಂಗಳು. ಲ್ಯಾಬ್ರಡಾರ್ ಮರಿ ನೋಡಲು ಕಲಬುರಗಿಯಲ್ಲೇ ಒಂದು ಮನೆಗೆ ಹೋಗಿದ್ದೆ. ಆರು ಮರಿಗಳಲ್ಲಿ ಒಂದರ ಹಿಂಗಾಲು ಸುಮ್ನೆ ನಿಂತಲ್ಲೇ ಪಟಪಟ ಅದುರುತ್ತಿತ್ತು. ಯಾಕೆ ಅಂತ ಕೇಳಿದೆ. "ಏನ್ ಇಲ್ರಿ ಅಣ್ಣಾರ, ನಡುವ ಸ್ವಲ್ಪ ಜ್ವರ ಬಂದಿತ್ತು, ಈಗ ಆರಾಮ್ ಅದ. ಥಂಡಿಗಿ ನಡುಗ್ತದ" ಅಂದರು ಮನೆಯವರು.

ಮೇ ತಿಂಗಳಲ್ಲಿ, ಕಲಬುರಗಿಯಲ್ಲಿ, ಥಂಡಿ!

ಆ ಮರಿ ತರಲಿಲ್ಲ. ಎರಡು ತಿಂಗಳ ನಂತರ ಅಫಜಲಪುರದ ಕಡೆಯ ಒಂದು ಹೊಲದ ಮನೆಯಿಂದ ಬೇರೆ ಮರಿ ತಂದೆ. ಅದಕ್ಕೂ ಕಾಯಿಲೆ ಬಂದಿತ್ತು. ಪಾರ್ವೋ, ಅಂದರೆ ಮರಿಗಳಿಗೆ ವಾಂತಿ ಭೇದಿ ತರುವ ವೈರಸ್ ಕಾಯಿಲೆ. ಐದು ದಿನ ಸಲೈನ್ ಮೇಲೆ ಇತ್ತಂತೆ. "ಜ್ವರ ಬಂದಿದ್ದನ್ನು ಬಿಟ್ಟು ಪಾರ್ವೋ ಬಂದಿದ್ದನ್ನು ತಂದಿಯಲ್ಲೋ" ಅಂತ ಮನೆಯಲ್ಲಿ ಬೈದರು. ಆದರೆ ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕ ಹಾಕುವುದು ಹೇಗೆ ಅಂತ ನೋಡೋಣ.

ಮೊದಲು ಕಾಯಿಲೆಯ ಹೆಸರು ಕೇಳಿ

"ಸ್ವಲ್ಪ ಹುಷಾರಿರಲಿಲ್ಲ" ಅನ್ನುವುದು ಯಾವ ಕಾಯಿಲೆಯ ಹೆಸರೂ ಅಲ್ಲ. ಯಾವಾಗ ಶುರುವಾಯಿತು, ಆಗ ಮರಿಗೆ ಎಷ್ಟು ವಾರ ಆಗಿತ್ತು, ಯಾವ ದವಾಖಾನೆಗೆ ತೋರಿಸಿದರು, ಯಾವ ಔಷಧಿ ಎಷ್ಟು ದಿನ ಕೊಟ್ಟರು ಅಂತ ಕೇಳಿ. ಜೊತೆಗೆ ಹುಟ್ಟಿದ ಉಳಿದ ಮರಿಗಳು ಏನಾದವು ಅಂತಲೂ ಕೇಳಿ. ಈ ಕೊನೆಯ ಪ್ರಶ್ನೆ ಕೇಳಲು ಬಹಳ ಜನ ಮರೆಯುತ್ತಾರೆ. ಡಾಕ್ಟರ ಚೀಟಿ ಇದ್ದರೆ ಫೋಟೋ ತೆಗೆದುಕೊಳ್ಳಿ. ಚೀಟಿ ಇಲ್ಲದಿದ್ದರೆ ಡಾಕ್ಟರ ನಂಬರ್ ಕೇಳಿ, ಅಲ್ಲೇ ನಿಂತು ಫೋನ್ ಮಾಡಿ. ಕಾಯಿಲೆ ಬಂದಿತ್ತು ಅಂತ ತಾವಾಗಿಯೇ ಹೇಳುವವರ ಮೇಲೆ ನನಗೆ ಸ್ವಲ್ಪ ಜಾಸ್ತಿ ನಂಬಿಕೆ. ನಂಬಿಕೆ ಇದ್ದರೂ ಫೋನ್ ಮಾಡುವುದು ಬಿಡುವುದಿಲ್ಲ.

ಹೋಯಿತೋ, ಒಳಗೇ ಕೂತಿದೆಯೋ

ನಿರ್ಧಾರ ಆಗುವುದು ಇಲ್ಲಿಯೇ. ಕೆಲವು ಕಾಯಿಲೆ ಬಂದು ಹೋಗುತ್ತವೆ. ಕೆಲವು ಹೋದಂತೆ ನಟಿಸಿ ಒಳಗೇ ಕೂರುತ್ತವೆ.

ಪಾರ್ವೋ ಮೊದಲನೆಯ ಜಾತಿಗೆ ಸೇರಿದ್ದು. ವಾಂತಿ, ರಕ್ತ ಭೇದಿ, ಎರಡು ಮೂರು ದಿನದಲ್ಲೇ ಮರಿ ಹೋಗಿಬಿಡಬಹುದು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಬದುಕಿ ಉಳಿದ ಮರಿ ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತದೆ. ಅದಕ್ಕೆ ಪಾರ್ವೋ ವಿರುದ್ಧ ವರ್ಷಗಟ್ಟಲೆ ಉಳಿಯುವ ಶಕ್ತಿಯೂ ಬಂದಿರುತ್ತದೆ. ಮಜಾ ಏನೆಂದರೆ, ಅದೇ ಸೂಲಿನಲ್ಲಿ "ಇದಕ್ಕ ಏನೂ ಆಗಿಲ್ಲರಿ" ಅಂತ ತೋರಿಸುವ ಮರಿಯದ್ದೇ ಆಗ ಹೆಚ್ಚು ಭಯ. ವೈರಸ್ ಹೊಕ್ಕ ಮೂರರಿಂದ ಏಳು ದಿನಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ, ಕಾಯಿಲೆ ಕಾಣಿಸುತ್ತದೆ. ಇವತ್ತು ಕುಣಿಯುವ ಮರಿ ನಿಮ್ಮ ಮನೆಗೆ ಬಂದ ನಾಲ್ಕನೇ ದಿನ ಮಲಗಬಹುದು. ಜೊತೆಯ ಮರಿಗೆ ಪಾರ್ವೋ ಬಂದು ಇನ್ನೂ ಎರಡು ವಾರ ಆಗಿಲ್ಲವೆಂದರೆ, ಆ ಸೂಲಿನ ಯಾವ ಮರಿಯನ್ನೂ ಅವತ್ತೇ ಎತ್ತಿಕೊಂಡು ಬರಬೇಡಿ.

ಚೇತರಿಸಿಕೊಂಡ ಮರಿಯಲ್ಲೂ ನೋಡಬೇಕಾದ್ದು ಇದೆ. ಕೆಲವಕ್ಕೆ ಹೊಟ್ಟೆ ಮುಂದೆಯೂ ಸೂಕ್ಷ್ಮವಾಗಿರುತ್ತದೆ. ತೀರಾ ಸಣ್ಣ ವಯಸ್ಸಿನಲ್ಲಿ, ಹುಟ್ಟಿದ ಕೆಲವೇ ವಾರಗಳಲ್ಲಿ ಬಂದಿದ್ದರೆ ಹೃದಯಕ್ಕೂ ಪೆಟ್ಟು ಬಿದ್ದಿರಬಹುದು. ಎಷ್ಟು ವಾರದ ಮರಿ ಅಂತ ಕೇಳಿ ಅಂದದ್ದು ಇದಕ್ಕೇ. ನನ್ನ ಮಟ್ಟಿಗೆ, ಔಷಧಿ ನಿಂತ ಮೇಲೆ ಎರಡು ವಾರ ಮರಿ ತಾನೇ ತಿಂದು, ಗಟ್ಟಿ ಮಲ ಹಾಕಿದ್ದರೆ ಮಾತ್ರ ಮುಂದಿನ ಮಾತು.

ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ಕಾಯಿಲೆ ಹಾಗಲ್ಲ. ಜ್ವರ, ಮೂಗು ಕಣ್ಣಿನಲ್ಲಿ ಗೊಣ್ಣೆ, ಕೆಮ್ಮು ಬರುತ್ತದೆ, ಕಮ್ಮಿಯಾಗುತ್ತದೆ, ಎಲ್ಲರೂ ಆರಾಮಾಯಿತು ಅನ್ನುತ್ತಾರೆ. ವಾರಗಳಾದ ಮೇಲೆ, ಕೆಲವೊಮ್ಮೆ ತಿಂಗಳುಗಳಾದ ಮೇಲೆ ಫಿಟ್ಸ್ ಶುರುವಾಗಬಹುದು. ಕಾಲಿನ ಅಥವಾ ದವಡೆಯ ಒಂದೇ ಸ್ನಾಯು ತಾಳ ಹಾಕಿದಂತೆ ಅದುರುತ್ತದೆ, ನಿದ್ದೆಯಲ್ಲೂ ನಿಲ್ಲುವುದಿಲ್ಲ. ನಾನು ಮೇ ತಿಂಗಳಲ್ಲಿ ಕಂಡ "ಥಂಡಿ" ಅಂಥದ್ದೇ ಇರಬೇಕು ಅಂತ ನನ್ನ ಗುಮಾನಿ. ಮೂಗಿನ ತುದಿ, ಅಂಗಾಲು ಗಡುಸಾಗಿ ಒಡೆದಿದ್ದರೆ, ಆಮೇಲೆ ಬರುವ ಹಲ್ಲಿನಲ್ಲಿ ಗುಳಿ ಬಿದ್ದಿದ್ದರೆ ಅದೂ ಸುಳಿವು. ಮೊದಲ ಬಾರಿ ನಾಯಿ ಸಾಕುವವರು ಇಂಥ ಮರಿಯನ್ನು ಬಿಡುವುದೇ ಮೇಲು.

ಇನ್ನು ನಮ್ಮ ಕಡೆಯ ದೊಡ್ಡ ತಲೆನೋವು ಉಣ್ಣಿ ಜ್ವರ. ಕಂದು ಬಣ್ಣದ ನಾಯಿ ಉಣ್ಣಿಗೆ ಬಿಸಿ ಹವೆ ಅಂದರೆ ಹಬ್ಬ. ಗೋಡೆ ಬಿರುಕಿನಲ್ಲಿ, ಪರ್ಸಿ ಕಲ್ಲಿನ ಸಂದಿಯಲ್ಲಿ ಅಡಗಿ ವರ್ಷವಿಡೀ ಇರುತ್ತದೆ. ಇದರಿಂದ ಬರುವ ಎರ್ಲಿಕಿಯಾ ಅನ್ನುವ ಸೋಂಕಿಗೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುತ್ತಾರೆ. ಒಂದು ವಾರದಲ್ಲೇ ಮರಿ ಓಡಾಡುವುದರಿಂದ ಬಹಳ ಜನ ಗುಳಿಗೆ ನಿಲ್ಲಿಸಿಬಿಡುತ್ತಾರೆ. ಆಗ ಅದು ಒಳಗೇ ಉಳಿದು ತಿಂಗಳುಗಟ್ಟಲೆ ಆದ ಮೇಲೆ ಮೂಗಿನಿಂದ ರಕ್ತ, ಬಿಳಿಚಿದ ಒಸಡು ಅಂತ ತಿರುಗಿ ಬರಬಹುದು. ಹಾಗಾಗಿ ಬಾಯಿ ಮಾತು ಬೇಡ. ರಕ್ತ ಪರೀಕ್ಷೆ ಮಾಡಿಸಿ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಎಷ್ಟಿದೆ ನೋಡಿ. ಸರಿ ಇದ್ದರೆ ತರಬಹುದು.

ಹೊಕ್ಕುಳ ಬಳಿ ಮೆತ್ತನೆಯ ಉಬ್ಬು ಇದ್ದು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವುದಾದರೆ ಹೆದರಬೇಡಿ. ಸಣ್ಣದು ಆರು ತಿಂಗಳೊಳಗೆ ಎಷ್ಟೋ ಸಲ ತಾನೇ ಮುಚ್ಚುತ್ತದೆ, ಇಲ್ಲವಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಜೊತೆಗೇ ಹೊಲಿಯುತ್ತಾರೆ. ಮುಖದ ಮೇಲೆ ಒಂದೆರಡು ಕಡೆ ಕೂದಲು ಉದುರಿದ ಡೆಮೋಡೆಕ್ಸ್ ಕಜ್ಜಿಯೂ ಅಷ್ಟೇ. ಮೈತುಂಬ ಇದ್ದರೆ ಚಿಕಿತ್ಸೆ ಉದ್ದ, ಮತ್ತು ಆ ನಾಯಿಯಿಂದ ಮರಿ ಮಾಡಿಸಬಾರದು. ಡಾಕ್ಟರಿಗೆ ಹೃದಯದಲ್ಲಿ ಸಣ್ಣ ಸದ್ದು ಕೇಳಿದರೆ, ಆ ಸದ್ದು ನಾಲ್ಕೈದು ತಿಂಗಳಿಗೆ ತಾನೇ ನಿಲ್ಲಬಹುದು. ಜೋರಾಗಿದ್ದರೆ ಹೃದಯದ ಸ್ಕ್ಯಾನ್ ಆಗದೆ ದುಡ್ಡು ಕೊಡಬೇಡಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳ ಸೊಂಟದ ಕೀಲಿನ ತೊಂದರೆಯನ್ನು ಎರಡು ತಿಂಗಳ ಮರಿಯಲ್ಲಿ ಕಣ್ಣಳತೆಯಿಂದ ಹೇಳಲು ಆಗುವುದಿಲ್ಲ. ಅದು ವಂಶದಲ್ಲಿ ಬರುವುದರಿಂದ ತಾಯಿ ಎದ್ದು ಓಡುವುದನ್ನು ನೋಡಿ.

ಮರಿಯನ್ನು ಎರಡು ಸಲ ನೋಡಿ

ಒಂದು ವಾರ ಬಿಟ್ಟು ಎರಡು ಸಲ ಹೋಗಿ. ಎರಡನೇ ಸಲ ಹೇಳದೆ ಹೋದರೆ ಇನ್ನೂ ಒಳ್ಳೆಯದು. ಎರಡೂ ಸಲ ತೂಕ ಮಾಡಿ. ಜೊತೆಯ ಮರಿಗಳಿಗಿಂತ ಚಿಕ್ಕದಿದ್ದರೂ ಪರವಾಗಿಲ್ಲ, ವಾರದಿಂದ ವಾರಕ್ಕೆ ತೂಕ ಏರಬೇಕು. ತುಟಿ ಎತ್ತಿ ಒಸಡನ್ನು ಬೆರಳಲ್ಲಿ ಒತ್ತಿ ಬಿಡಿ. ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಮಲಗಿದ್ದಾಗ ಐದು ನಿಮಿಷ ಸುಮ್ಮನೆ ನೋಡುತ್ತಾ ಕೂರಿ. ಅದುರುವುದು, ಉಸಿರು ಎಳೆಯುವುದು ಆಗಲೇ ತಿಳಿಯುತ್ತದೆ.

ನಿಮ್ಮ ಡಾಕ್ಟರಿಗೆ ತೋರಿಸಿ, ಮಾರುವವರ ಡಾಕ್ಟರಿಗಲ್ಲ

ದುಡ್ಡು ಕೊಡುವ ಮೊದಲೇ ತೋರಿಸಿ. "ತೋರಿಸಿಕೊಂಡು ಬರ್ತೀನಿ" ಅಂದಾಗ ಮುಖ ಸಿಂಡರಿಸುವವರ ಹತ್ತಿರ ವ್ಯವಹಾರ ಬೇಡ. ಊರಿನ ಪಶು ಆಸ್ಪತ್ರೆಯಲ್ಲಿ ಸಾಮಾನ್ಯ ತಪಾಸಣೆ ಆಗುತ್ತದೆ. ನಮ್ಮ ಭಾಗದವರ ಅದೃಷ್ಟ, ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಬೀದರಿನ ನಂದಿನಗರದಲ್ಲಿ, ಪಶುವೈದ್ಯಕೀಯ ಕಾಲೇಜೂ ಅಲ್ಲಿದೆ. ಹೃದಯ, ಮೂಳೆಯಂಥ ವಿಚಾರಕ್ಕೆ ಎಲ್ಲಿ ಯಾವ ಪರೀಕ್ಷೆ ಆಗುತ್ತದೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ ಹೊರಡಿ. ಡಾಕ್ಟರಿಗೆ "ಮರಿ ಚೆನ್ನಾಗಿದೆಯಾ" ಅಂತ ಕೇಳಬೇಡಿ. "ಈ ಕಾಯಿಲೆ ಮುಂದೆ ಏನು ಉಳಿಸಬಹುದು, ಅದಕ್ಕೆ ಖರ್ಚು ಎಷ್ಟು" ಅಂತ ಕೇಳಿ.

ಮನೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಪಾರ್ವೋ ಗೆದ್ದ ಮರಿಯ ಮಲದಲ್ಲಿ ಕೆಲವು ವಾರ ವೈರಸ್ ಬರುತ್ತಲೇ ಇರಬಹುದು. ಮನೆಯಲ್ಲಿ ಅಥವಾ ಗಲ್ಲಿಯಲ್ಲಿ ಲಸಿಕೆ ಆಗದ ಮರಿಗಳಿದ್ದರೆ ಅವಕ್ಕೆ ಅಪಾಯ. ನೆಲವನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ. ಅಂಗಳದ ಮಣ್ಣಿಗೆ ಇದು ನಡೆಯುವುದಿಲ್ಲ. ಮಣ್ಣಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮ ಬಿಸಿಲು ಸ್ವಲ್ಪ ಸಹಾಯ ಮಾಡುತ್ತದೆ, ಅದನ್ನೇ ನಂಬಿ ಕೂರಬೇಡಿ.

ಬಿಸಿಲಿನ ಮಾತು ಬಂತಲ್ವಾ, ಹಸ್ಕಿ ಮರಿಗೆ ಯಾವ ಕಾಯಿಲೆ ಬಂದಿರದಿದ್ದರೂ ಕಲಬುರಗಿ, ಯಾದಗಿರಿಗೆ ತರಬೇಡಿ. ಉಸಿರಿಗೆ ಕಷ್ಟಪಡುವ ಪಗ್ ಮರಿಯೂ ಬೇಡ. ನಲವತ್ತು ಡಿಗ್ರಿ ದಾಟುವ ಊರು ನಮ್ಮದು.

ದುಡ್ಡು, ಕಾಗದ

"ರೇಟ್ ಕಮ್ಮಿ ಮಾಡ್ತೀನ್ರಿ" ಅನ್ನುವ ಮಾತಿಗೆ ಮರುಳಾಗಬೇಡಿ. ಬಿಟ್ಟುಕೊಟ್ಟ ದುಡ್ಡು ಒಂದು ಸ್ಕ್ಯಾನಿಗೆ ಸಾಲದೆ ಹೋಗಬಹುದು. ಕನಿಕರಕ್ಕೂ ಕೊಳ್ಳಬೇಡಿ ಅಂತ ಹೇಳುವುದು ಕಷ್ಟ, ನನಗೂ ಆ ಅದುರುವ ಕಾಲು ಇನ್ನೂ ನೆನಪಿದೆ. ಆದರೆ ಕೊಳಕು ಜಾಗದಲ್ಲಿ ಮರಿ ಮಾಡಿಸುವವರಿಗೆ ನಾವು ಕೊಡುವ ದುಡ್ಡೇ ಮುಂದಿನ ಸೂಲಿಗೆ ಬಂಡವಾಳ.

2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಳಿ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ರಸೀದಿ ಕೇಳಿ. ಬಂದ ಕಾಯಿಲೆ, ಕೊಟ್ಟ ಚಿಕಿತ್ಸೆ, ಇಷ್ಟು ದಿನದೊಳಗೆ ಅದೇ ಕಾಯಿಲೆ ತಿರುಗಿ ಬಂದರೆ ಮರಿ ವಾಪಸ್ ಅಂತ ಅದರಲ್ಲೇ ಬರೆಸಿ. ಲಸಿಕೆ ಪುಸ್ತಕದಲ್ಲಿ ಸೀಸೆಯ ಸ್ಟಿಕರ್, ಡಾಕ್ಟರ ಸಹಿ ಇರಬೇಕು. ಬರೀ ಪೆನ್ನಿನಲ್ಲಿ ಗೀಚಿದ ತಾರೀಖು ಸಾಲದು. ಪಾರ್ವೋ ಗೆದ್ದ ಮರಿಗೂ ಉಳಿದ ಸೂಜಿಗಳು ತಪ್ಪುವುದಿಲ್ಲ, ಡಿಸ್ಟೆಂಪರ್ ಬೇರೆ, ಮೂರು ತಿಂಗಳಾದ ಮೇಲೆ ರೇಬೀಸ್ ಬೇರೆ.

ತಂದ ದಿನವೇ ಊಟ ಬದಲಿಸಬೇಡಿ. ಹೊಲದ ಮನೆಯಲ್ಲಿ ನಮ್ಮ ಮರಿ ಜೋಳದ ರೊಟ್ಟಿ, ಮೊಟ್ಟೆ ತಿಂದು ಬೆಳೆದಿತ್ತು. ಅಂಗಡಿಯ ಡಬ್ಬಿ ಊಟಕ್ಕೆ ಒಗ್ಗಿಸಲು ಹತ್ತು ದಿನ ಹಿಡಿಯಿತು. ಈಗಲೂ ನಾವು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಡಬ್ಬಿ ಬಿಟ್ಟು ಒಲೆಯ ಮುಂದೆ ಬಂದು ಕೂರುತ್ತದೆ.